ಹುಲುಗೇಶ್ ತಿದ್ದಿದ ಚೀನೀ ಅಕ್ಷರ

ಕೊಟ್ಟೂರಿನಲ್ಲಿ ಚೀನೀ ಅಕ್ಷರ ಬಲ್ಲವನು ಒಬ್ಬನೇ ಇದ್ದಾನೆ, ಬೋರ್ಡ್ ಬರೆಯುವ ಹುಲುಗೇಶ್. ನಗುವವರು ಈಗಲೇ ನಕ್ಕುಬಿಡಿ. ನಾನೂ ಮೊದಲು ನಕ್ಕವನೇ. ನನ್ನ ಹೆಸರು ಹಾಲೇಶಪ್ಪ, ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮೇಷ್ಟ್ರು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ನಡೆದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಇರಲು ನನ್ನಿಂದ ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುಲುಗೇಶನಿಗೆ ಈಗ ಐವತ್ತೆಂಟು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಬಸ್‌ಸ್ಟ್ಯಾಂಡುಗಳ ಸುತ್ತ ಫ್ಲೆಕ್ಸ್ ಬರುವ ಮೊದಲಿನ ಬೋರ್ಡು ಇನ್ನೂ ಎಲ್ಲಾದರೂ ಉಳಿದಿದ್ದರೆ ಅದು ಬಹುಮಟ್ಟಿಗೆ ಅವನ ಕೈಯದು. ಎಡ ಹೆಗಲ ಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಅರಿವೆ ಸದಾ ಇರುತ್ತಿತ್ತು. ಬ್ರಷ್ಷು ಒಂದು ಕೂದಲಿನಷ್ಟು ಆಚೆ ಹೋದರೂ ಸಾಕು, ಮರುಕ್ಷಣ ಅರಿವೆ ಬಂದು ಒರೆಸಿಬಿಡುತ್ತಿತ್ತು. "ಬಣ್ಣ ಹಸಿ ಇದ್ದಾಗ ಒರಸಬೇಕ್ರಿ ಮೇಷ್ಟ್ರ. ಒಣಗಿದ್ರ ತಪ್ಪು ಊರಿಂದು ಆಕ್ಕತಿ" ಎನ್ನುತ್ತಿದ್ದ. ಒಮ್ಮೆ ಹಡಗಲಿಯ ಗೊಬ್ಬರದ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಅಂಗಡಿಯವನು ನೋಡಿ ಒಪ್ಪಿ, ಮೇಲಕ್ಕೇರಿಸಿ ಮೊಳೆ ಹೊಡೆಸಿದ್ದ. ಇವನು ಮಾರನೆಯ ದಿನ ಮೊದಲ ಬಸ್ಸಿಗೆ ಹೋಗಿ, ಯಾರೂ ಕರೆಯದೆ ಏಣಿ ಹತ್ತಿ ಒತ್ತು ಕೊಟ್ಟು ಬಂದ. ನಾನು ಅದನ್ನು ತರಗತಿಯಲ್ಲಿ ಹೇಳಿ ಹುಡುಗರನ್ನು ಬೈಯುತ್ತಿದ್ದೆ. ಅಕ್ಷರದ ಮೇಲೆ ಅಂಥ ಭಕ್ತಿ ಇರಬೇಕು ಎಂದು ಆಗ ನಾನು ನಂಬಿದ್ದೆ.

ಅವನ ಹೆಂಡತಿ ತಿಪ್ಪೇರುದ್ರಮ್ಮ ಗುಡೇಕೋಟೆ ಕಡೆಯವಳು. ಕುರಿ ಸಾಕುವವರ ಮನೆ. ಅವಳ ತಮ್ಮ ಓಬಳೇಶಪ್ಪ ಈಗಲೂ ಅಲ್ಲಿಯ ಗುಡ್ಡದ ಕೆಳಗಿನ ಹಟ್ಟಿಯಲ್ಲಿ ಕುರಿ ಹಿಂಡು ಇಟ್ಟುಕೊಂಡಿದ್ದಾನೆ. ಮದುವೆಯಾಗಿ ಬಂದಾಗ ಅವಳಿಗೆ ಅ ಆ ಗೊತ್ತಿರಲಿಲ್ಲ. ಹುಲುಗೇಶ್ ಗೀಟು ಎಳೆದು ಅಕ್ಷರದ ಹೊರಮೈ ಬರೆಯುತ್ತಿದ್ದ, ಇವಳು ಒಳಗೆ ಬಣ್ಣ ತುಂಬುತ್ತಿದ್ದಳು. ತುಂಬುತ್ತ ತುಂಬುತ್ತಲೇ ಓದು ಕಲಿತಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಏಣಿಯ ಮೇಲೆ ನಿಂತರೆ ಮಧ್ಯಾಹ್ನದ ರೊಟ್ಟಿಗೂ ಇಳಿಯುತ್ತಿರಲಿಲ್ಲ. ಮನೆಯೊಳಗೆ ಅವಳು ಕೂತದ್ದನ್ನು ನನ್ನ ಹೆಂಡತಿ ನಾಗಲಿಂಗಮ್ಮ ನೋಡಿದ್ದು ಕಡಿಮೆ. ಊಟವನ್ನೂ ಮನೆಮುಂದಿನ ಕಟ್ಟೆಯ ಮೇಲೆ ಕೂತೇ ಮಾಡುವವಳು. ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ತಮ್ಮನ ಹಟ್ಟಿಗೆ ಹೋಗಿ ಎಂಟು ದಿನ ಕುರಿಯ ಹಿಂದೆ ತಿರುಗಿ ಬರುತ್ತಿದ್ದಳು. ಬಂದ ದಿನ ಹುಲುಗೇಶ್ ಮೂಗು ಮುಚ್ಚಿಕೊಂಡು ಚೇಷ್ಟೆ ಮಾಡುವನು. ಅವರಿಗೆ ಮಕ್ಕಳಿರಲಿಲ್ಲ. ಇಬ್ಬರೇ ಜಗಳಾಡಿಕೊಂಡು, ನಕ್ಕುಕೊಂಡು ಚೆನ್ನಾಗಿದ್ದರು.

ಈ ಚೀನೀ ಅಕ್ಷರ ಇವನಿಗೆ ಅಂಟಿಕೊಂಡದ್ದು ಅದಿರಿನ ಭರಾಟೆಯ ಕಾಲದಲ್ಲಿ. ಸಂಡೂರು ದಾಟಿ ಎಲ್ಲೋ ಒಂದು ಕಾರ್ಖಾನೆಗೆ ಕುಲುಮೆ ಕಟ್ಟಲು ಚೀನಾದಿಂದ ಇಂಜಿನಿಯರುಗಳು ಬಂದಿದ್ದರು. ಅಪಾಯದ ಬೋರ್ಡುಗಳನ್ನು ಕನ್ನಡದ ಜೊತೆಗೆ ಅವರ ಭಾಷೆಯಲ್ಲೂ ಬರೆಯಬೇಕಿತ್ತು. ಹಾಳೆಯಲ್ಲಿ ಬರೆದು ಕೊಟ್ಟದ್ದನ್ನು ಹುಲುಗೇಶ್ ನಕಲು ಮಾಡಿದ. ಅರ್ಥ ಗೊತ್ತಿಲ್ಲದೆ ಬರೆಯುವುದು ಅವನಿಗೆ ಒಗ್ಗದು. ಅವರ ಜೊತೆಗೊಬ್ಬ ದುಭಾಷಿ ಇದ್ದ, ಚೀನಾದವನೇ, ಹಿಂದಿ ಕಲಿತವನು. ಚಹಾದ ಹೊತ್ತಿನಲ್ಲಿ ಇವನು ಅವನ ಬೆನ್ನು ಹತ್ತಿದ. ಆ ಪುಣ್ಯಾತ್ಮ ಬೇಸರಪಡದೆ ಲಾರಿಯ ಬಾನೆಟ್ಟಿನ ಮೇಲೆ ಕೂತ ಕೆಂಪು ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದ. ಮೂರು ತುದಿ ಎದ್ದರೆ ಗುಡ್ಡ. ನಡುವೆ ಒಂದು ಗೆರೆ, ಅಕ್ಕಪಕ್ಕ ಹರಿಯುವ ಗೆರೆಗಳಿದ್ದರೆ ನೀರು. ಮರಕ್ಕೆ ಒರಗಿದ ಮನುಷ್ಯ ಅಂದರೆ ದಣಿವಾರಿಸಿಕೊಳ್ಳುವುದು. ಕಣ್ಣಿನ ಪಕ್ಕ ನೀರು ಬಂದರೆ ಕಣ್ಣೀರು, ಅದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಕುರಿಗೆ ಎರಡು ಕೊಂಬು, ಕೆಳಗೆ ಮುಖ. ಆ ಕುರಿಯನ್ನೇ ದೊಡ್ಡದು ಎಂಬ ಅಕ್ಷರದ ಮೇಲೆ ಕೂರಿಸಿದರೆ ಚೆಲುವು.

"ದೊಡ್ಡ ಕುರಿ ಅಂದ್ರ ಚೆಲುವಂತ್ರಿ! ನಮ್ಮ ರುದ್ರಿ ತವರುಮನಿಯವ್ರು ಮಾಡಿದಂಗೈತಿ ಈ ಭಾಷೆ" ಎಂದು ಊರಿಗೆ ಬಂದು ನನ್ನ ಮುಂದೆ ಕುಣಿದ.

ಎಲ್ಲ ಅಕ್ಷರವೂ ಚಿತ್ರವಲ್ಲ ಎಂದು ಆ ದುಭಾಷಿ ಎಚ್ಚರಿಸಿದ್ದನಂತೆ. ಹೆಚ್ಚಿನವುಗಳಲ್ಲಿ ಒಂದು ಭಾಗ ಅದು ಯಾವ ಬಗೆಯ ಮಾತೆಂದು ಹೇಳುತ್ತದೆ, ಇನ್ನೊಂದು ಭಾಗ ಉಚ್ಚಾರ ಹೇಳುತ್ತದೆ; ನಿನಗೆ ಕೊಡುತ್ತಿರುವುದು ಹಳೆಯ ಚಿತ್ರಗಳನ್ನು ಮಾತ್ರ ಎಂದಿದ್ದ. ಅಂಥ ನೂರಿಪ್ಪತ್ತು ಅಕ್ಷರಗಳನ್ನು ಹುಲುಗೇಶ್ ಉದ್ದನೆಯ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡು ಬಂದ. ಅವು ಹುಟ್ಟಿದ ಕತೆಯನ್ನೂ ತಂದ. ಮೂರು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿಯ ರಾಜರು ಎತ್ತಿನ ಹೆಗಲೆಲುಬಿಗೆ, ಆಮೆಯ ಚಿಪ್ಪಿಗೆ ಕೆಂಡದ ಕಾವು ಕೊಟ್ಟು ಬಿರುಕು ಬಿಡಿಸುತ್ತಿದ್ದರಂತೆ. ಬಿರುಕು ಹೋದ ದಾರಿಯಲ್ಲಿ ದೇವರ ಉತ್ತರ. ಮಳೆ ಬರುವುದೇ, ರಾಣಿಗೆ ಗಂಡು ಹುಟ್ಟುವುದೇ, ರಾಜನ ಹಲ್ಲುನೋವು ಯಾವ ಹಿರಿಯರ ಕೋಪದಿಂದ ಬಂತು, ಇಂಥ ಪ್ರಶ್ನೆಗಳನ್ನು ಅದೇ ಎಲುಬಿನ ಮೇಲೆ ಕೊರೆದಿಡುತ್ತಿದ್ದರು. ಮೈಲಾರದ ಕಾರ್ಣಿಕದ ಒಂದು ಸಾಲಿಗೆ ನಮ್ಮವರು ವರ್ಷವಿಡೀ ಅರ್ಥ ಹಚ್ಚುವುದಿಲ್ಲವೇ, ಹಾಗೆ. ಆಮೇಲೆ ಆ ಎಲುಬುಗಳು ಮಣ್ಣಿನಡಿ ಸೇರಿದವು. ಎಷ್ಟೋ ಕಾಲದ ಮೇಲೆ ರೈತರು ಹೊಲ ಅಗೆಯುವಾಗ ಸಿಕ್ಕವನ್ನು ಔಷಧಿ ಅಂಗಡಿಗೆ ಕೊಟ್ಟರು. ಅಂಗಡಿಯವರು ಅರೆದು ಪುಡಿ ಮಾಡಿ ರೋಗಿಗಳಿಗೆ ಕುಡಿಸಿದರು. ಅದರ ಮೇಲೆ ಬರಹವಿದೆ ಎಂದು ಯಾರೋ ಕಣ್ಣಿಟ್ಟು ನೋಡುವ ಹೊತ್ತಿಗೆ ಎಷ್ಟು ಅರೆದಾಗಿತ್ತೋ ದೇವರೇ ಬಲ್ಲ.

ಆಗ ನಾನು "ಕನ್ನಡದ ಒತ್ತು, ದೀರ್ಘ ಸಾಲದೇನೋ ನಿನಗೆ" ಎಂದು ನಕ್ಕು ಕೈ ತೊಳೆದುಕೊಂಡೆ. ಆ ನೋಟ್‌ಬುಕ್ಕು ಹನ್ನೆರಡು ವರ್ಷ ಬಣ್ಣದ ಡಬ್ಬಿಗಳ ಹಿಂದೆ ಬಿದ್ದಿತ್ತು.

ಮೂರು ವರ್ಷದ ಹಿಂದಿನ ಆಷಾಢದಲ್ಲಿ ತಿಪ್ಪೇರುದ್ರಮ್ಮ ಒಂದು ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಗೆ ಹೆಸರು ತುಂಬುತ್ತಿದ್ದಾಗ ಕೈಯಿಂದ ಬ್ರಷ್ಷು ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಲಕ್ವ ಹೊಡೆದಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗೈ ಬಲಗಾಲು ಹೋದವು, ಮಾತು ಹೋಯಿತು. ಬಾಯಿಂದ "ಆಂ" ಎಂಬುದೊಂದೇ ಬರುತ್ತಿತ್ತು. ಬೇಕು ಅಂದರೂ ಆಂ, ಬೇಡ ಅಂದರೂ ಆಂ. ಹುಲುಗೇಶ್ "ಹಾಲು" ಎಂದು ದಪ್ಪಕ್ಕೆ ಬರೆದು ಅವಳ ಮುಂದೆ ಹಿಡಿದ. ಮೂವತ್ತು ವರ್ಷ ಬಣ್ಣ ತುಂಬಿದ ಅಕ್ಷರವನ್ನು ಅವಳು ನೊಣದ ಹಿಕ್ಕೆಯನ್ನು ನೋಡುವ ಹಾಗೆ ನೋಡಿದಳು. ಅವತ್ತು ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದನ್ನು ನಾನು ನೋಡಿದ್ದೇನೆ.

ಅಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು, ಗೀತಾಂಜಲಿ ಅಂತ. ಅವಳು ಸುಳ್ಳು ಭರವಸೆ ಕೊಡುವವಳಲ್ಲ. "ಒಂದು ವರ್ಷದೊಳಗೆ ಎಷ್ಟು ಬರುತ್ತೋ ಅದೇ ಹೆಚ್ಚು. ಆಮೇಲೆ ಬಹಳ ಕಷ್ಟ" ಎಂದಳು. ಹೊರಡುವಾಗ ಇನ್ನೊಂದು ಮಾತು ಹೇಳಿದಳು: ಕೆಲವರಿಗೆ ಉಚ್ಚಾರದ ಅಕ್ಷರ ಹೋದರೂ ಚಿತ್ರ ಉಳಿದಿರುತ್ತದೆ, ಚಿತ್ರ ತೋರಿಸಿ ನೋಡಿ. ಹುಲುಗೇಶನ ಮುಖದಲ್ಲಿ ಕಳೆ ಬಂತು. ಮನೆಗೆ ಬಂದವನೇ ಡಬ್ಬಿಗಳ ಹಿಂದಿನಿಂದ ನೋಟ್‌ಬುಕ್ಕು ಎಳೆದ. ವರ್ಷ ತುಂಬುವುದರೊಳಗೆ ತನ್ನ ಹೆಂಡತಿ ತನ್ನೊಡನೆ ಮಾತಾಡಬೇಕು. ಅವನಿಗೆ ಬೇರೆ ಏನೂ ಬೇಕಿರಲಿಲ್ಲ.

ಹಳೆಯ ಬೋರ್ಡುಗಳ ತಗಡನ್ನು ಅಂಗೈಯಗಲಕ್ಕೆ ಕತ್ತರಿಸಿ, ಅಂಚು ಉಜ್ಜಿ, ಒಂದೊಂದರ ಮೇಲೆ ಒಂದೊಂದು ಚೀನೀ ಅಕ್ಷರ ಬರೆದ. ಮೊದಲು ಕುರಿ. ಅವಳು ಎಡಗೈ ಹೆಬ್ಬೆರಳಿನಿಂದ ಕೊಂಬನ್ನು ಸವರಿದಳು, ಆಮೇಲೆ ಮೂತಿಯನ್ನು ಸವರಿದಳು. ಅರ್ಧ ಬಾಯಿ ನಕ್ಕಿತು. ಒಂದು ತಿಂಗಳಲ್ಲಿ ನೀರಡಿಸಿದಾಗ ನೀರಿನ ತಗಡು ಎತ್ತಿ ತೋರಿಸುತ್ತಿದ್ದಳು, ಮಲಗಬೇಕಾದಾಗ ಮರಕ್ಕೆ ಒರಗಿದ ಮನುಷ್ಯನನ್ನು ತೋರಿಸುತ್ತಿದ್ದಳು. ಓಣಿಯವರೆಲ್ಲ ಬಂದು ಬಾಗಿಲಲ್ಲಿ ಮುಗಿಬಿದ್ದರು. "ರುದ್ರವ್ವ ಚೀನಾದಾಕಿ ಆದ್ಲು ನೋಡ್ರಿ" ಎಂದು ನಾಗಲಿಂಗಮ್ಮ ತಮಾಷೆ ಮಾಡಿ, ಒಳಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ದಿನ 'ಮನೆ' ಬಂತು. ಮೇಲೆ ಸೂರು, ಅದರ ಕೆಳಗೆ ಹಂದಿ. ಅವರ ಕಡೆ ಹಂದಿ ಇದ್ದರೇ ಮನೆಯಂತೆ. ಹುಲುಗೇಶ್ ಮುಖ ಗಂಟಿಕ್ಕಿಕೊಂಡು, "ನಮ್ಮನ್ಯಾಗ ಹಂದಿ ಕಟ್ಟಾಕ ಆಗಂಗಿಲ್ಲವ್ವ, ಬೇಕಾದ್ರ ಮೇಷ್ಟ್ರ ಮನ್ಯಾಗ ಕಟ್ಟೋಣು" ಎಂದ. ತಿಪ್ಪೇರುದ್ರಮ್ಮ ಗಟ್ಟಿಯಾಗಿ ನಕ್ಕಳು. ಲಕ್ವ ಹೊಡೆದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು. ಕೊನೆಯದೂ ಅದೇ ಇರಬೇಕು. ಆಮೇಲೆ ಅವಳು ನಕ್ಕದ್ದು ನನಗೆ ನೆನಪಿಲ್ಲ.

ನೋಟ್‌ಬುಕ್ಕಿನ ಒಂದು ಪುಟವನ್ನು ಅವನು ಮಡಚಿಟ್ಟಿದ್ದ. ಹೆಂಗಸಿನ ಪಕ್ಕ ಕೂಸು ಇದ್ದರೆ 'ಒಳ್ಳೆಯದು' ಎಂಬ ಅಕ್ಷರ ಅದು. ಅದಕ್ಕೆ ತಗಡು ಕತ್ತರಿಸಲಿಲ್ಲ. ಇಷ್ಟು ಸೂಕ್ಷ್ಮ ಇದ್ದವನು ಮುಂದಿನದನ್ನು ಹೇಗೆ ಕಾಣದೆ ಹೋದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮುಂದಿನದು 'ನೆಮ್ಮದಿ'. ಮೊಣಕಾಲೂರಿ, ಕೈ ಕಟ್ಟಿ ಕೂತ ಹೆಂಗಸು; ಅವಳ ಮೇಲೆ ಸೂರು. ಹುಲುಗೇಶನಿಗೆ ಆ ಅಕ್ಷರ ಕಂಡರೆ ಪ್ರಾಣ. "ನೋಡ್ರಿ ಮೇಷ್ಟ್ರ, ಹೆಂಗಸು ಮನಿ ಒಳಗ ಕುಂತಾಳ, ಅದಕ್ಕ ನೆಮ್ಮದಿ. ಎಷ್ಟು ತಿಳಿದ ಮಂದಿ ಇರಬೇಕು" ಎಂದ. ಅದನ್ನೊಂದನ್ನು ಮಾತ್ರ ದೊಡ್ಡ ತಗಡಿನ ಮೇಲೆ ನೀಲಿಯಲ್ಲಿ ಬರೆದು ಅವಳ ಮಂಚದ ಎದುರಿಗೆ ತೂಗುಹಾಕಿದ. ನಾನೂ ಭೇಷ್ ಎಂದೆ. ಲಕ್ವ ಹೊಡೆದ ಹೆಂಡತಿಯನ್ನು ಕಟ್ಟೆಗೂ ಬಿಡದೆ, ಬಿಸಿಲು ತಾಗದಂತೆ, ಗಾಳಿ ಸೋಕದಂತೆ ಒಳಗೆ ಜೋಪಾನ ಮಾಡುತ್ತಿದ್ದ ಗಂಡ ಅವನು. ಎರಡನೇ ಸಲ ಬಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೆದರಿಕೆ ಅವನನ್ನು ತಿನ್ನುತ್ತಿತ್ತು.

ಬರೀ ತೋರಿಸುವುದು ಸಾಲದು, ಎಡಗೈಯಲ್ಲಿ ಅವಳೇ ಬರೆಯಲಿ ಎಂದು ಗೀತಾಂಜಲಿ ಫೋನಿನಲ್ಲಿ ಹೇಳಿದಳು. ಒಂದು ತಗಡಿಗೆ ಕಪ್ಪು ಬಣ್ಣ ಬಳಿದು ಹಲಗೆ ಮಾಡಿದ. ದಿನಾ ಬೆಳಿಗ್ಗೆ ಸ್ನಾನ, ರೊಟ್ಟಿ, ಮಾತ್ರೆ ಆದ ಮೇಲೆ ಪಾಠ. ನೀರು, ಗುಡ್ಡ, ಕುರಿ ಬರೆಸುವನು. ಕೊನೆಗೆ, ದೇವರಿಗೆ ಮಂಗಳಾರತಿ ಮಾಡುವಂತೆ, "ನೆಮ್ಮದಿ ಬರಿ" ಎನ್ನುವನು.

ಅವಳು ಮೊದಲು ಸೂರು ಬರೆದಳು. ಆಮೇಲೆ ಹೆಂಗಸನ್ನು ಬರೆದಳು, ಸೂರಿನ ಹೊರಗೆ.

"ಅಲ್ಲವ್ವ, ಒಳಗ" ಎಂದು ಹುಲುಗೇಶ್ ಅರಿವೆಯಿಂದ ಒರೆಸಿ, ಅವಳ ಕೈ ಹಿಡಿದು ಹೆಂಗಸನ್ನು ಸೂರಿನ ಕೆಳಗೆ ಬರೆಸಿದ. ಮಾರನೆಯ ದಿನವೂ ಅವಳು ಹೊರಗೇ ಬರೆದಳು. ಇವನು ಒರೆಸಿ ಒಳಗೆ ಕೂರಿಸಿದ. ವಾರ ಕಳೆಯಿತು. ಹೆಂಗಸಿನ ಆಚೆ ಮೂರು ತುದಿಯ ಗುಡ್ಡ ಬಂತು. ಇನ್ನೊಂದು ವಾರಕ್ಕೆ ಗುಡ್ಡದ ಕೆಳಗೆ ಎರಡು ಕೊಂಬು ಬಂದವು. ಹುಲುಗೇಶ್ ಹೌಹಾರಿದ. ಕಲಿತದ್ದೆಲ್ಲ ತಲೆಯಲ್ಲಿ ಕಲಸಿಹೋಗುತ್ತಿದೆ ಎಂದುಕೊಂಡ. ಗೀತಾಂಜಲಿಗೆ ಫೋನು ಮಾಡಿ, "ಒಳಗಿಂದು ಹೊರಗ ಬರೀತಾಳ್ರಿ, ಒಂದರಾಗ ಇನ್ನೊಂದು ಸೇರಸ್ತಾಳ್ರಿ" ಎಂದ. ಕೆಲವರಿಗೆ ಒಳಗೆ ಹೊರಗೆ, ಎಡ ಬಲ ತಿಳಿಯುವುದು ಕಷ್ಟವಾಗುತ್ತದೆ, ಬರೆದದ್ದರ ಫೋಟೋ ಕಳಿಸಿ ನೋಡುತ್ತೇನೆ ಎಂದಳು ಆಕೆ. ಇವನು ಫೋಟೋ ಕಳಿಸಿದ, ಆದರೆ ತಿದ್ದಿದ ಮೇಲಿನದನ್ನು ಕಳಿಸಿದ. ತಪ್ಪು ಅಕ್ಷರವನ್ನು ಇನ್ನೊಬ್ಬರ ಕಣ್ಣಿಗೆ ಹಾಕುವುದು ಅವನ ಜನ್ಮದಲ್ಲೇ ಇರಲಿಲ್ಲ. ಹೆಂಡತಿಯ ಮಾನ ಉಳಿಸುತ್ತಿದ್ದೇನೆ ಎಂದೇ ಅವನ ಭಾವನೆ. ಗೀತಾಂಜಲಿ ಪಾಪ, ಸೂರಿನ ಕೆಳಗೆ ಅಚ್ಚುಕಟ್ಟಾಗಿ ಕೂತ ಹೆಂಗಸನ್ನು ನೋಡಿ, ಚೆನ್ನಾಗಿದೆ, ಮುಂದುವರಿಸಿ ಎಂದು ಉತ್ತರ ಬರೆಯುತ್ತಿದ್ದಳು.

ಈಗ ನನ್ನ ಪಾಲಿನದು ಹೇಳುತ್ತೇನೆ. ಲಕ್ವ ಹೊಡೆದು ಒಂಬತ್ತನೇ ತಿಂಗಳಿರಬೇಕು, ಒಂದು ಬೆಳಿಗ್ಗೆ ಪೇಪರು ಓದಿ ಮುಗಿಸಿ ಆ ಕಡೆ ಹೋದೆ. ಪಾಠ ನಡೆದಿತ್ತು. ಹಲಗೆಯ ಒಂದು ಮೂಲೆಯಲ್ಲಿ ಬರಿದಾದ ಸೂರು. ಇನ್ನೊಂದು ತುದಿಯಲ್ಲಿ ಗುಡ್ಡ, ಅದರ ಕೆಳಗೆ ಒಂದರ ಪಕ್ಕ ಒಂದರಂತೆ ನಾಲ್ಕು ಕುರಿ, ಕುರಿಗಳ ನಡುವೆ ಹೆಂಗಸು. ತಿಪ್ಪೇರುದ್ರಮ್ಮ ಹುಲುಗೇಶನನ್ನು ಬಿಟ್ಟು ನನ್ನ ಕಡೆ ನೋಡಿದಳು. ಹಲಗೆಯನ್ನು ಎಡಗೈಯಿಂದ ನನ್ನತ್ತ ತಳ್ಳಿದಳು. "ಆಂ, ಆಂ" ಎಂದಳು. ಹುಲುಗೇಶ್ ಸೋತ ದನಿಯಲ್ಲಿ, "ನೀವರ ಹೇಳ್ರಿ ಮೇಷ್ಟ್ರ, ನಿಮ್ಮ ಮಾತು ಕೇಳ್ತಾಳ" ಎಂದ. ನಾನು ಏನು ಮಾಡಿದೆ? ಮೂವತ್ತನಾಲ್ಕು ವರ್ಷದ ಕೈ. ಸೀಮೆಸುಣ್ಣ ತೆಗೆದುಕೊಂಡು ಆ ಚಿತ್ರದ ಮೇಲೆ ಮೂಲೆಯಿಂದ ಮೂಲೆಗೆ ತಪ್ಪು ಚಿಹ್ನೆ ಹಾಕಿದೆ. "ತಪ್ಪು ನೋಡವ್ವ ರುದ್ರವ್ವ. ಹೆಂಗಸು ಮನಿ ಒಳಗ ಇರಬೇಕು, ಹೊರಗಲ್ಲ" ಎಂದೆ.

ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ನಾನು ಕೆಳಗಿಟ್ಟ ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದು ಪುಡಿ ಮಾಡಿದಳು. ಹುಲುಗೇಶ್ ನನ್ನ ಮುಂದೆ ನಾಚಿಕೊಂಡು, "ಸಣ್ಣ ಹುಡುಗರಗತೆ ಹಠಾ ಮಾಡ್ತಾಳ್ರಿ" ಎಂದ. ನಾನು ಮನೆಗೆ ಬಂದು ನಾಗಲಿಂಗಮ್ಮನಿಗೆ, ಆಕೆಯ ಬುದ್ಧಿ ದಿನದಿಂದ ದಿನಕ್ಕೆ ಮಂಕಾಗುತ್ತಿದೆ ಎಂದು ಹೇಳಿದೆ. ನಾಚಿಕೆಗೇಡಿನ ಮಾತು. ಇದ್ದದ್ದನ್ನು ಇದ್ದಂತೆ ಹೇಳಬೇಕಲ್ಲ, ಹೇಳಿದ್ದೇನೆ.

ಅದಾದ ಮೇಲೆ ಅವಳು ನೀರಿನ ತಗಡು ಎತ್ತುವುದನ್ನೂ ಬಿಟ್ಟಳು. ಕೊಟ್ಟರೆ ಕುಡಿಯುವಳು, ಇಲ್ಲದಿದ್ದರೆ ಇಲ್ಲ. ಪಾಠಕ್ಕೆ ಕೂರಿಸಿದರೆ ಮಾತ್ರ ಆ ಒಂದೇ ಚಿತ್ರ ಬರೆಯುವಳು. ಇವನು ಒರೆಸುವನು. ಹನ್ನೊಂದು ತಿಂಗಳು ಕಳೆದಿತ್ತು. ವರ್ಷ ತುಂಬಲು ಇನ್ನೊಂದೇ ತಿಂಗಳಿದೆ ಎಂದು ಹುಲುಗೇಶ್ ಬೆಳಿಗ್ಗೆ ಒಂದು, ಸಂಜೆ ಒಂದು, ಎರಡು ಪಾಠ ಶುರು ಮಾಡಿದ. ಗೋಡೆಯ ಈಚೆಗೆ ಅವನ ದನಿ ಕೇಳುತ್ತಿತ್ತು, "ಒಳಗ ರುದ್ರಿ, ಒಳಗ." ಬೈಗುಳವಲ್ಲ, ಅಂಗಲಾಚುವ ದನಿ. ನಾನು ರೇಡಿಯೋ ಜೋರು ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಬರೆದು ಮುಗಿಸಿದಳು. ಅರಿವೆ ಒಣಗಿತ್ತೆಂದು ಇವನು ಹಿತ್ತಲಿನ ನಲ್ಲಿಗೆ ಹೋಗಿ ಹಿಂಡಿಕೊಂಡು ಬರುವಷ್ಟರಲ್ಲಿ ಅವಳು ಮಂಚದಿಂದ ಕೆಳಗೆ ಜಾರಿದ್ದಳು. ಕಣ್ಣು ತೆರೆದಿದ್ದವು, ಏನನ್ನೂ ನೋಡುತ್ತಿರಲಿಲ್ಲ. ಎರಡನೇ ಸಲ ಹೊಡೆದಿತ್ತು. ಆಂಬ್ಯುಲೆನ್ಸಿಗೆ ಫೋನು ಮಾಡಿದವನು ನಾನೇ. ಹುಲುಗೇಶ್ ಹಸಿ ಅರಿವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಜೊತೆ ದಾವಣಗೆರೆಗೆ ಹೋದ.

ಮಾರನೆಯ ದಿನ ಓಬಳೇಶಪ್ಪ ಅಕ್ಕನ ಸೀರೆ, ಕಂಬಳಿ ಒಯ್ಯಲು ಗುಡೇಕೋಟೆಯಿಂದ ಬಂದ. ಬೀಗದ ಕೈ ನನ್ನ ಹತ್ತಿರ ಇತ್ತು. ಬಾಗಿಲು ತೆಗೆದುಕೊಟ್ಟೆ. ಅವನು ಸಹಿ ಹಾಕಲೂ ಬಾರದವನು, ಹೆಬ್ಬೆಟ್ಟು ಒತ್ತುವವನು. ಮಂಚದ ಮೇಲೆ ಹಲಗೆ ಹಾಗೆಯೇ ಬಿದ್ದಿತ್ತು. ಕಂಬಳಿ ಎಳೆಯಲು ಹೋದವನು ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

"ಇದು ಅಕ್ಕ ಬರದಿದ್ದೇನ್ರಿ?" ಎಂದು ಕೇಳಿದ.

"ಹೌದಪ್ಪ. ಚೀನೀ ಅಕ್ಷರ. ನಿಮ್ಮ ಭಾವ ಕಲಿಸ್ತಿದ್ದ. ಸರಿ ಬಂದಿಲ್ಲ" ಎಂದೆ.

ಓಬಳೇಶಪ್ಪ ಹಲಗೆಯನ್ನು ನನ್ನ ಕಡೆ ತಿರುಗಿಸಿದ. "ಸರಿನ ಬರದಾಳಲ್ರಿ" ಎಂದ. ಬೆರಳಿಟ್ಟು ತೋರಿಸಿದ. "ಇದು ನಮ್ಮ ಗುಡ್ಡ. ಇವು ನಮ್ಮ ಕುರಿ. ಇಲ್ಲಿ ಕುಂತಾಕಿ ಅಕ್ಕ. ಮನಿ ಖಾಲಿ ಐತಿ ನೋಡ್ರಿ. ಹಟ್ಟಿಗೆ ಕರಕೊಂಡು ಹೋಗ್ರಿ ಅಂತ ಹೇಳ್ಯಾಳ." ಆಮೇಲೆ ನನ್ನ ಕಡೆ ತಿರುಗಿ, ಕೋಪವಿಲ್ಲದೆ, ನಿಜವಾಗಿ ತಿಳಿಯದೆ ಕೇಳಿದ: "ಒಂದು ಫೋನ್ ಮಾಡಿದ್ರ ನಾನ ಗಾಡಿ ತಗೊಂಡು ಬರ್ತಿದ್ದೆ. ಯಾಕ ಹೇಳಿ ಕಳಿಸಲಿಲ್ರಿ?"

ಮೂರು ಸಾವಿರ ವರ್ಷದ ಅಕ್ಷರವನ್ನು ಹೆಬ್ಬೆಟ್ಟಿನವನು ಒಂದೇ ಉಸಿರಿಗೆ ಓದಿದ್ದ. ಕನ್ನಡ ಮೇಷ್ಟ್ರು ಅದರ ಮೇಲೆ ತಪ್ಪು ಹಾಕಿದ್ದ. ಆ ಚಿತ್ರವನ್ನು ನಾನೇ ಕಣ್ಣಾರೆ ಏಳೆಂಟು ಸಲ ನೋಡಿದ್ದೆ. ಹುಲುಗೇಶ್ ಎಷ್ಟು ಸಲ ಒರೆಸಿದ್ದನೋ ಲೆಕ್ಕವಿಲ್ಲ. ಅವಳು ಮಾತಾಡಲಿ ಎಂದು ವರ್ಷವಿಡೀ ಬಾಯಿ ಬಿಟ್ಟುಕೊಂಡು ಕಾದವನು ಅವಳು ಮಾತಾಡಿದಾಗಲೆಲ್ಲ ಅಳಿಸಿದ್ದ.

ಹುಲುಗೇಶನಿಗೆ ಇದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಆಸ್ಪತ್ರೆಯ ಬಾಗಿಲ ಬಳಿ ಓಬಳೇಶಪ್ಪನೇ ಹೇಳಿದ, ಸಹಜವಾಗಿ, ಮನೆಯ ಸಮಾಚಾರ ಹೇಳುವ ಹಾಗೆ. ಹುಲುಗೇಶ್ ಅಳಲಿಲ್ಲ. ಜೇಬಿನಿಂದ ಫೋನು ತೆಗೆದು ಗೀತಾಂಜಲಿಗೆ ಕಳಿಸಿದ್ದ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಹೋದ. ಎಲ್ಲದರಲ್ಲೂ ಹೆಂಗಸು ಸೂರಿನ ಕೆಳಗೇ ಇದ್ದಳು. ಅವಳ ಕೈಯ ಒಂದು ಚಿತ್ರವಾದರೂ ಸಿಕ್ಕೀತೆಂದು ಮೊದಲಿನಿಂದ ಮತ್ತೆ ಹುಡುಕಿದ. ಒಂದೂ ಇರಲಿಲ್ಲ.

ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ಕಳಿಸಿಕೊಟ್ಟರು. ಕೊಟ್ಟೂರಿಗೆ ಬರಲಿಲ್ಲ, ದಾವಣಗೆರೆಯಿಂದ ನೇರ ಕೂಡ್ಲಿಗಿ ದಾಟಿ ಗುಡೇಕೋಟೆಗೆ ಕರೆದೊಯ್ದರು. ಹಟ್ಟಿಯ ಮುಂದೆ, ಬಯಲಿನಲ್ಲಿ, ಬೇವಿನ ಮರದ ನೆರಳಿಗೆ ಮಂಚ ಹಾಕಿ ಮಲಗಿಸಿದರು. ನಾಗಲಿಂಗಮ್ಮನನ್ನು ಕರೆದುಕೊಂಡು ನಾನು ಎರಡು ಸಲ ಹೋಗಿ ಬಂದೆ. ಸಂಜೆ ಕುರಿ ಗುಡ್ಡದಿಂದ ಇಳಿದು ಬರುತ್ತಿದ್ದವು. ಮಂಚದ ಸುತ್ತ ತುಂಬಿಕೊಳ್ಳುತ್ತಿದ್ದವು, ಮೂತಿ ಚಾಚಿ ಅವಳ ಕಂಬಳಿ ಮೂಸುತ್ತಿದ್ದವು. ಹುಲುಗೇಶ್ ಅವಳ ತಲೆಯನ್ನು ಎತ್ತಿ ತನ್ನ ತೋಳಿಗೆ ಆನಿಸಿಕೊಂಡು, "ನೋಡು ರುದ್ರಿ, ಹಟ್ಟಿಗೆ ಬಂದೀವಿ ನೋಡು" ಎನ್ನುತ್ತಿದ್ದ. ಅವಳ ಕಣ್ಣು ಕುರಿಯ ಮೇಲೂ ನಿಲ್ಲಲಿಲ್ಲ, ಗುಡ್ಡದ ಮೇಲೂ ನಿಲ್ಲಲಿಲ್ಲ. ಅವಳ ಎಡಗೈಯನ್ನು ಎತ್ತಿ ಕುರಿಯ ಕೊಂಬಿನ ಮೇಲೆ ಇಟ್ಟ; ಬಿಟ್ಟ ಕೂಡಲೇ ಅದು ಕೆಳಗೆ ಬಿತ್ತು. ಮತ್ತೆ ಇಟ್ಟ. ನಾನು ನೋಡಲಾರದೆ ಎದ್ದು ರಸ್ತೆಯ ಕಡೆ ಹೋದೆ.

ಹತ್ತೊಂಬತ್ತನೇ ದಿನ ತಿಪ್ಪೇರುದ್ರಮ್ಮ ಹೋದಳು. ಹಟ್ಟಿಯ ಹತ್ತಿರವೇ ಮಣ್ಣು ಮಾಡಿದರು.

ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬಂದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಕೊನೆಗೆ ಏನಾದರೂ ಅಂದರಾ? ಸತ್ತವರು ಏನು ಬೇಡಿದರು, ಯಾರನ್ನು ನೆನೆದರು, ಅದನ್ನು ಕೇಳಿ ತಿಳಿದು, ತೀರಿಸುವುದಿದ್ದರೆ ತೀರಿಸಿ ಎಂದು ಹೇಳಿ ಹೋಗುವುದು ಪದ್ಧತಿ. ಮೂರನೇ ದಿನ ಗುಡೇಕೋಟೆ, ಕೂಡ್ಲಿಗಿ, ಚಿಗಟೇರಿ ಕಡೆಯ ನೆಂಟರೆಲ್ಲ ಹಟ್ಟಿಗೆ ಬಂದರು. ಹುಲುಗೇಶ್ ಗೋಡೆಗೆ ಒರಗಿ ಕೂತಿದ್ದ. ಪಕ್ಕದಲ್ಲಿ ನಾನು. ಬಂದವರು ಒಬ್ಬೊಬ್ಬರಾಗಿ ಅವನ ಕೈ ಹಿಡಿದು ಕೂತು, ಮೂಗು ಸೀಟಿಕೊಂಡು, ಅದನ್ನೇ ಕೇಳುತ್ತಿದ್ದರು. ಮಾತೇ ಹೋಗಿತ್ತಲ್ಲ, ಏನು ಹೇಳಿಯಾಳು ಎಂದು ಅವನ ಪರವಾಗಿ ನಾನು ಉತ್ತರ ಕೊಡುತ್ತಿದ್ದೆ. ಹಾಗೆ ಏಳೆಂಟು ಮಂದಿಗೆ ಹೇಳಿ ಸಾಗಹಾಕಿದೆ.

ಆಮೇಲೆ ಒಬ್ಬ ಮುದುಕಿ ಬಂದಳು, ತಿಪ್ಪೇರುದ್ರಮ್ಮನ ದೊಡ್ಡಮ್ಮ. ಕಿವಿ ಮಂದ. ಅವನ ಗದ್ದ ಹಿಡಿದು ಮುಖ ಎತ್ತಿ, "ನನ್ನ ಕೂಸು ಕೊನೀಗೆ ಏನರ ಅಂದ್ಲೇನಪ್ಪ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಲುಗೇಶ್ ನನ್ನ ತೊಡೆಯ ಮೇಲೆ ಕೈಯಿಟ್ಟು ತಡೆದ.

"ಅಂದ್ಲಬೇ" ಎಂದ, ಅವಳಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. "ದಿನಾ ಹೇಳಿದ್ಲು. ನಾನು ದಿನಾ ತಿದ್ದಿದೆ."